ಸಂಕಪ್ಪಯ್ಯನ ಮೌನ

ಕಲಬುರಗಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಯಾದಗಿರಿ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಪಠ್ಯ ಮುಚ್ಚಿಟ್ಟು ಕಾದಂಬರಿ ಓದುವುದು ನಮ್ಮ ತರಗತಿಯ ರೂಢಿ. ನಾನು ಗಟ್ಟಿಯಾಗಿ ಓದುತ್ತೇನೆ, ಮಕ್ಕಳು ಕೇಳುತ್ತಾರೆ. ಹೋದ ವರ್ಷ ಶಿವರಾಮ ಕಾರಂತರ 'ಚೋಮನ ದುಡಿ' ಹಿಡಿದೆವು. 1933ರಲ್ಲಿ ಬಂದ ಪುಸ್ತಕ. ಕಾಡು, ಗದ್ದೆ, ಹೊಳೆಗಳ ಸೀಮೆಯ ಕಥೆ. ಎರೆಹೊಲ, ತೊಗರಿ, ಜೋಳ ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ಇದು ಹತ್ತೀತೇ ಎಂಬ ಅಳುಕು ನನಗಿತ್ತು.

ಚೋಮ ಒಡೆಯನ ಮನೆಯ ಅಸ್ಪೃಶ್ಯ ಜೀತದಾಳು. ಅವನ ಇಬ್ಬರು ಮಕ್ಕಳು ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ದುಡಿಯಲು ಹೋಗುವ ಭಾಗ ಬಂತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸರ್, ಇದು ಗುಳೆ ಅಲ್ಲೇನ್ರಿ?"

ಹೌದು, ಗುಳೆಯೇ. ಅವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿಯುತ್ತಲೇ ಓಣಿಗೆ ಓಣಿಯೇ, ತಾಂಡಾಕ್ಕೆ ತಾಂಡಾವೇ ಗಂಟು ಕಟ್ಟಿಕೊಂಡು ಬೆಂಗಳೂರು, ಮುಂಬೈ, ಪುಣೆಯ ದಾರಿ ಹಿಡಿಯುವುದನ್ನು ಕಂಡ ಮಕ್ಕಳು. ಮದುವೆಗೆಂದು ಮುಂಗಡ ತಂದು, ಅದು ತೀರುವತನಕ ಇಟ್ಟಿಗೆ ಭಟ್ಟಿಯಲ್ಲಿ ಮೈ ಸುಟ್ಟುಕೊಂಡವರು ಅವರ ಮನೆಯಲ್ಲೇ ಇದ್ದಾರೆ. ಚೋಮನ ಒಬ್ಬ ಮಗ ಕಾಯಿಲೆಗೆ ಬಲಿಯಾಗುತ್ತಾನೆ, ಇನ್ನೊಬ್ಬ ಅಪ್ಪನ ಕೈಬಿಟ್ಟು ಹೋಗುತ್ತಾನೆ. ಆ ಪುಟ ಓದುವಾಗ ಫ್ಯಾನಿನ ಸಪ್ಪಳ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಆಮೇಲೆ ಎಳೆಯ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ಅಸ್ಪೃಶ್ಯರ ಹುಡುಗ ಎಂಬ ಒಂದೇ ಕಾರಣಕ್ಕೆ ಅವನನ್ನು ಮುಟ್ಟಿ ಎತ್ತಲು ಕೈಗಳು ಮುಂದೆ ಬರುವುದಿಲ್ಲ. ಇಲ್ಲಿ ನನ್ನ ದನಿ ಪ್ರತಿ ಸಲವೂ ಕಟ್ಟುತ್ತದೆ. ಹೋದ ವರ್ಷವೂ ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮ ಪ್ರಶ್ನೆಪತ್ರಿಕೆಗಳು ಇಂಥ ಕಾದಂಬರಿಯ ಬಗ್ಗೆ ಏನು ಕೇಳುತ್ತವೆ? 'ಚೋಮನ ಪಾತ್ರವನ್ನು ಚಿತ್ರಿಸಿ.' ಮಕ್ಕಳು ಮುಗ್ಧ, ಶ್ರಮಜೀವಿ, ಛಲವಂತ ಎಂದು ಬರೆದು ಅಂಕ ತೆಗೆದುಕೊಳ್ಳುತ್ತಾರೆ. ನೊಂದವನ ಗುಣ ಎಣಿಸುವುದನ್ನು ಕಲಿಸಿದೆವು. ಅವನನ್ನು ನೋಯಿಸಿದವರ, ನೋಡಿಯೂ ಸುಮ್ಮನಿದ್ದವರ ಗುಣ ಎಣಿಸಲು ಕಲಿಸಲಿಲ್ಲ. ಇಪ್ಪತ್ತು ವರ್ಷ ನಾನೂ ಹಾಗೆಯೇ ಪಾಠ ಮಾಡಿದವನು.

ಅದಕ್ಕೇ ಹೋದ ವರ್ಷ ಪ್ರಶ್ನೆ ಬದಲಾಯಿಸಿದೆ. ಚೋಮನ ಒಡೆಯ ಸಂಕಪ್ಪಯ್ಯ ಎಂಥವನು?

ಚೋಮನ ಬಾಳಿನ ಆಸೆ ಒಂದೇ: ಒಂದು ತುಂಡು ನೆಲ, ತನ್ನ ಕೈಯಾರೆ ಬೇಸಾಯ. ಎತ್ತುಗಳಿವೆ, ನೆಲ ಇಲ್ಲ. ಅದನ್ನು ಕೇಳಿಕೊಂಡು ಸಂಕಪ್ಪಯ್ಯನ ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಸಂಕಪ್ಪಯ್ಯ ಕಟುಕನಲ್ಲ. ಕೊಡೋಣ ಎಂದು ಅವನ ಮನಸ್ಸು ಹೇಳುತ್ತದೆ. ಆದರೆ ತಾಯಿ ಅಡ್ಡ ಬರುತ್ತಾಳೆ: ಅಸ್ಪೃಶ್ಯರಿಗೆ ಬೇಸಾಯದ ನೆಲ ಕೊಡಬಾರದೆಂದು ಹಿಂದಿನಿಂದ ನಡೆದು ಬಂದ ಕಟ್ಟಳೆ ಮುರಿಯುವುದುಂಟೇ? ಸಂಕಪ್ಪಯ್ಯ ತಾಯಿಯ ಮಾತು ಮೀರಲಾರ. ಆ ಅಂಗಳದಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ, ಆದರೂ ಒಂದು ಇಡೀ ಸಂಸಾರದ ಹಣೆಬರಹ ಅಲ್ಲೇ ಬರೆದು ಮುಗಿಯುತ್ತದೆ. ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ಜಾಗ ಅದು.

ಒಬ್ಬ ಹುಡುಗಿ ತಟ್ಟನೆ ಹೇಳಿದಳು: "ಅವಂದು ಮನಸು ಚೊಲೋ ಅದರಿ ಸರ್. ಖರೆ ಅಂಜತಾನ." ಇನ್ನೊಬ್ಬಳು ಬಿಡಲಿಲ್ಲ. "ಮನಸು ಚೊಲೋ ಇದ್ದು ಏನ್ ಮಾಡೋದದ? ಮಧುವರಸ ಅಂಜಿದ್ನೇನು?"

ಆ ಮಾತಿಗೆ ನಾನು ತಯಾರಿರಲಿಲ್ಲ. ದಸರಾಕ್ಕೆ ಮುಂಚೆ ಮಕ್ಕಳನ್ನು ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಕರೆದೊಯ್ದಿದ್ದೆವು, ಹರಳಯ್ಯನ ಗವಿ ನೋಡಿ ಬಂದಿದ್ದರು. 12ನೆಯ ಶತಮಾನದ ಕಲ್ಯಾಣದಲ್ಲಿ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸ, ಸಮಗಾರ ಹರಳಯ್ಯನ ಮಗನಿಗೆ ತನ್ನ ಮಗಳನ್ನು ಕೊಟ್ಟ. ಬೀಗರಿಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆಯಾಯಿತು ಎಂದು ಶರಣರ ಚರಿತ್ರೆ ಹೇಳುತ್ತದೆ. ಹರಳಯ್ಯನ ಧೈರ್ಯವನ್ನು ನಾವು ಸದಾ ಹೇಳುತ್ತೇವೆ, ಹೇಳಲೇಬೇಕು. ಆದರೆ ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಯಾವ ತೊಂದರೆಯೂ ಇಲ್ಲದಿದ್ದ ಮಧುವರಸನನ್ನು ಆ ಹುಡುಗಿ ಸಂಕಪ್ಪಯ್ಯನ ಪಕ್ಕದಲ್ಲಿ ತಂದು ನಿಲ್ಲಿಸಿದ್ದಳು. ಯಾವ ಗೈಡಿನಲ್ಲೂ ಇಲ್ಲದ ಹೋಲಿಕೆ ಅದು.

ಇನ್ನೊಂದು ಮಾತು ಇಲ್ಲಿ ಹೇಳಿಬಿಡಬೇಕು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಪರೀಕ್ಷೆಯ ಫೀ ಎಂದು ಕೂಡಿಸಿದ ದುಡ್ಡು ಕಾಣೆಯಾಯಿತು. ತಾಂಡಾದಿಂದ ಬರುತ್ತಿದ್ದ ನನ್ನ ಗೆಳೆಯನ ಮೇಲೆ ಅಪವಾದ ಬಂತು. ಬಿಡುವಿನ ಹೊತ್ತು ಪೂರ್ತಿ ಅವನು ಬೇವಿನ ಗಿಡದ ಕೆಳಗೆ ನನ್ನ ಜೊತೆ ಕೂತಿದ್ದ, ಒಂದೇ ಬುತ್ತಿಯಲ್ಲಿ ರೊಟ್ಟಿ ತಿಂದಿದ್ದೆವು. ಎಲ್ಲರೆದುರು ಅವನಿಗೆ ಹೊಡೆತ ಬೀಳುವಾಗ ಅವನು ನನ್ನ ಕಡೆ ನೋಡಿದ. ಹೊಡೆಯುತ್ತಿದ್ದ ಮಾಸ್ತರರ ಹೊಲವನ್ನು ನಮ್ಮಪ್ಪ ಪಾಲಿಗೆ ಮಾಡುತ್ತಿದ್ದರು. ನಾನು ತಲೆ ತಗ್ಗಿಸಿದೆ. ಮೂರು ದಿನದ ಮೇಲೆ ದುಡ್ಡು ಹಾಜರಿ ಪುಸ್ತಕದ ರಟ್ಟಿನೊಳಗೆ ಸಿಕ್ಕಿತು. ಅಷ್ಟರಲ್ಲಿ ಅವನು ಅಪ್ಪನ ಹಿಂದೆ ಮುಂಬೈಗೆ ಹೋಗಿಬಿಟ್ಟಿದ್ದ. ಆ ನೋಟ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಸಂಕಪ್ಪಯ್ಯನ ಪುಟಕ್ಕೆ ಬಂದಾಗಲೆಲ್ಲ ನಾನು ಓದುತ್ತಿರುವುದು ನನ್ನನ್ನೇ.

ಚೋಮನ ಕಥೆ ಅಚ್ಚಾದ ಅದೇ ಮೂವತ್ತರ ದಶಕದಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಒಂದು ಕಲ್ಪಿತ ಊರಿನಲ್ಲಿ ನಡೆಯುವ ಕಾದಂಬರಿ 'ಟು ಕಿಲ್ ಎ ಮಾಕಿಂಗ್ ಬರ್ಡ್'. ಹಾರ್ಪರ್ ಲೀ ಬರೆದದ್ದು, 1960ರಲ್ಲಿ ಬಂತು. ಅಲ್ಲಿಯ ಶಾಲೆಗಳಲ್ಲಿ ತಲೆಮಾರುಗಳಿಂದ ಓದಿಸುತ್ತ ಬಂದಿದ್ದಾರೆ. ನಾನು ಅದನ್ನು ಕನ್ನಡದಲ್ಲಿ ಕಥೆಯಾಗಿ ಹೇಳಿದೆ. ಟಾಮ್ ರಾಬಿನ್‌ಸನ್ ಎಂಬ ಕರಿಯ ಕೂಲಿಯಾಳಿನ ಮೇಲೆ ಬಿಳಿಯ ಹುಡುಗಿಯೊಬ್ಬಳು ಅತ್ಯಾಚಾರದ ಸುಳ್ಳು ಆರೋಪ ಹೊರಿಸುತ್ತಾಳೆ. ಅವನ ಎಡಗೈ ಊನ. ಅವಳ ಮುಖದ ಗಾಯಗಳು ಎಡಗೈಯಿಂದ ಬಿದ್ದ ಏಟಿನವು. ವಕೀಲ ಅಟಿಕಸ್ ಫಿಂಚ್ ಇದನ್ನು ಕೋರ್ಟಿನಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ತೋರಿಸುತ್ತಾನೆ. ಆದರೂ ಪಂಚರೆಲ್ಲ ಬಿಳಿಯರೇ, ತೀರ್ಪು ಟಾಮ್‌ನ ವಿರುದ್ಧವೇ. ಆಮೇಲೆ ಜೈಲಿನಿಂದ ತಪ್ಪಿಸಿಕೊಳ್ಳಲು ಹೋದಾಗ ಗುಂಡಿಗೆ ಬಲಿಯಾಗುತ್ತಾನೆ.

ನಮ್ಮ ಮಕ್ಕಳಿಗೆ ಹಿಡಿಸಿದ್ದು ಅಟಿಕಸ್‌ನ ಪುಟ್ಟ ಮಗಳು ಸ್ಕೌಟ್. ಟಾಮ್‌ನನ್ನು ಎಳೆದು ಕೊಲ್ಲಲು ರಾತ್ರಿ ಜೈಲಿನ ಮುಂದೆ ನೆರೆದ ಗುಂಪಿನಲ್ಲಿ ಅವಳು ತನ್ನ ಸಹಪಾಠಿಯ ಅಪ್ಪನನ್ನು ಗುರುತು ಹಿಡಿಯುತ್ತಾಳೆ. ಅವನ ಹೆಸರು ಹಿಡಿದು ಮಾತಾಡಿಸುತ್ತಾಳೆ, ನಾನು ಕೇಳಿದೆ ಎಂದು ನಿಮ್ಮ ಮಗನಿಗೆ ಹೇಳಿ ಅನ್ನುತ್ತಾಳೆ. ಅಲ್ಲಿ ಏನು ನಡೆಯಲಿದೆ ಎಂಬುದೇ ಆ ಮಗುವಿಗೆ ಗೊತ್ತಿಲ್ಲ. ಗುಂಪಿನೊಳಗೆ ಅಡಗಿದ್ದ ಆ ಮನುಷ್ಯ ಮತ್ತೆ ಒಬ್ಬ ಹುಡುಗನ ಅಪ್ಪನಾಗಿಬಿಡುತ್ತಾನೆ, ಎಲ್ಲರನ್ನೂ ಕರೆದುಕೊಂಡು ಹೊರಟುಹೋಗುತ್ತಾನೆ. ಮುಗ್ಧತೆ ಎಂದರೆ ಬರೀ ಸಾಧು ಸ್ವಭಾವ ಎಂದುಕೊಂಡವರು ಆ ಪ್ರಸಂಗ ಓದಬೇಕು.

ಆ ಕಾದಂಬರಿಯ ಬಗ್ಗೆ ನನಗೊಂದು ಅಸಮಾಧಾನವೂ ಇದೆ. ಅಟಿಕಸ್ ದೊಡ್ಡವನು, ಅನುಮಾನವಿಲ್ಲ. ಆದರೆ ಟಾಮ್‌ನ ಮನೆಯೊಳಗೆ ಆ ರಾತ್ರಿ ಏನಾಯಿತು, ಅವನ ಹೆಂಡತಿ ಮಕ್ಕಳು ಏನು ಮಾತಾಡಿಕೊಂಡರು ಎಂಬುದು ನಮಗೆ ಸಿಗುವುದಿಲ್ಲ. ನಾವು ಉದ್ದಕ್ಕೂ ವಕೀಲರ ಮನೆಯ ಜಗಲಿಯಲ್ಲೇ ನಿಂತಿರುತ್ತೇವೆ. ಆ ಕೊರತೆ ತುಂಬುವುದಕ್ಕೆ ನಾನು ನಮ್ಮ ಕಲಬುರಗಿಯ ಗೀತಾ ನಾಗಭೂಷಣ ಅವರ 'ಬದುಕು' ತೆಗೆದುಕೊಂಡೆ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಮೊದಲ ಪುಟಕ್ಕೇ ಮಕ್ಕಳು ನಕ್ಕರು. ಅವರ ಅವ್ವ ಮನೆಯಲ್ಲಿ ಆಡುವ ಮಾತು ಅಚ್ಚಾಗಿ ಬಂದಿದೆಯಲ್ಲ! ಹತ್ತು ನಿಮಿಷದಲ್ಲಿ ನಗು ನಿಂತಿತ್ತು. ದುಃಖವೂ ಅವ್ವನದೇ ಮಾತಿನಲ್ಲಿ ಬಂದಾಗ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ.

ದ್ವಿತೀಯ ಪಿಯುಸಿ ಪಠ್ಯದಲ್ಲಿರುವ ಪೂರ್ಣಚಂದ್ರ ತೇಜಸ್ವಿಯವರ 'ಕೃಷ್ಣೇಗೌಡನ ಆನೆ'ಯನ್ನೂ ಈಗ ಬೇರೆ ರೀತಿ ಓದಿಸುತ್ತಿದ್ದೇನೆ. ಊರಿನಲ್ಲಿ ಏನು ಕೆಟ್ಟರೂ ಆನೆಯ ತಲೆಗೆ. ಆನೆ ಬಾಯಿ ಬಿಟ್ಟು ಹೇಳಲಾರದು. ತರಗತಿಯಲ್ಲಿ ನಗುತ್ತ ನಗುತ್ತಲೇ ಒಬ್ಬ ಕೇಳಿದ, ನಮ್ಮೂರಾಗ ಆನಿ ಯಾರ್ರಿ ಸರ್ ಎಂದು. ಉತ್ತರವನ್ನು ಅವರೇ ಮಾತಾಡಿಕೊಂಡರು. ಕೆಲವು ಹೆಸರು ಬಂದವು. ಅವನ್ನು ಇಲ್ಲಿ ಹೇಳುವುದಿಲ್ಲ.

ಮಧುವರಸನ ಮಾತೆತ್ತಿದ ಹುಡುಗಿಗೆ ನಾನು ಬರೆಯಲು ಕೊಟ್ಟದ್ದು ಒಂದೇ ಪ್ರಶ್ನೆ: ಆ ದಿನ ಸಂಕಪ್ಪಯ್ಯ ತಾಯಿಗೆ ಏನು ಹೇಳಬಹುದಿತ್ತು? ಒಂದೂವರೆ ಪುಟ ಬರೆದಿದ್ದಳು. ತಾಯಿ, ಮಗ ಇಬ್ಬರೂ ನಮ್ಮ ಯಾದಗಿರಿ ಮಾತಿನಲ್ಲೇ ಜಗಳ ಆಡುತ್ತಾರೆ. ತಾಯಿ ಅಳುತ್ತಾಳೆ. ಮಗ ಅಂಗಳಕ್ಕೆ ಇಳಿದು "ಚೋಮಾ" ಎಂದು ಕೂಗುತ್ತಾನೆ. ಅಲ್ಲಿಗೆ ನಿಂತಿದೆ. ಬಾಕಿ ಸೋಮವಾರ ಬರೀತೀನಿ ಎಂದವಳು ಆ ಸೋಮವಾರ ಬರಲಿಲ್ಲ, ಅಪ್ಪ ಅವ್ವನ ಜೊತೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದಳು. ಪರೀಕ್ಷೆಗೆ ಕಳಿಸಿಕೊಡಿ ಎಂದು ಅವಳ ಅಪ್ಪನಿಗೆ ಮೂರು ಸಲ ಫೋನ್ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಮತ್ತೆ ಮಾಡುತ್ತೇನೆ. ನೋಟ್‌ಬುಕ್ ನನ್ನ ಟೇಬಲ್ಲಿನ ಮೇಲೇ ಇದೆ.

ನಮಸ್ಕಾರ.