ಇಂಟರ್ನೆಟ್ ಹೋದ್ರೂ ನಿಲ್ಲದ ಆಫೀಸ್ ಮೇಲ್

ಕೇಳುಗರೆಲ್ರಿಗೂ ನಮಸ್ಕಾರ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವ್ರಿಗೆ ಗೊತ್ತಿರೋದೇ, ಪುಷ್ಯ ಮಳೆ ಹಿಡೀತು ಅಂದ್ರೆ ಎಲ್ಲೋ ಒಂದು ಸಿಲ್ವರ್ ಮರ ಲೈನ್ ಮೇಲೆ ಬೀಳತ್ತೆ, ಕರೆಂಟೂ ಇಲ್ಲ ಇಂಟರ್ನೆಟ್ಟೂ ಇಲ್ಲ. ಆಗ ತೋಟದ ಆಫೀಸಲ್ಲಿ ಲೆಕ್ಕ ಬರೆಯೋ ರೈಟ್ರು ಎದುರುಗಡೆ ಗೋಡೌನಿಗೆ ಸ್ಟಾಕ್ ಲೆಕ್ಕ ಮೇಲ್ ಮಾಡಕ್ಕೂ ಆಗಲ್ಲ, ಯಾಕಂದ್ರೆ ಆ ಮೇಲು ಹೊರಗಡೆ ಯಾವ್ದೋ ಸರ್ವರ್‌ಗೆ ಹೋಗಿ ತಿರ್ಗಾ ಇಲ್ಲಿಗೇ ಬರ್ಬೇಕು. ಅಷ್ಟು ದೂರ ಸುತ್ತೋ ಅಗತ್ಯಾನೇ ಇಲ್ಲ ಕಣ್ರಿ, ನಮ್ಮ ಕಾಂಪೌಂಡ್ ಒಳಗೇ ಒಂದು ಮೇಲ್ ಸರ್ವರ್, ಅಂದ್ರೆ ಮೇಲ್ ತಗೊಂಡು ಹಂಚೋ ಕಂಪ್ಯೂಟರ್, ಇಟ್ಕೋಬೋದು.

ಒಂದು ಹಳೇ ಕಂಪ್ಯೂಟರ್ ಸಾಕು. ಅದಕ್ಕೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿ, ಪೋಸ್ಟ್‌ಫಿಕ್ಸ್ ಮತ್ತೆ ಡವ್‌ಕಾಟ್ ಅಂತ ಎರಡು ಸಾಫ್ಟ್‌ವೇರ್, ಎರಡೂ ಫ್ರೀ. ಪೋಸ್ಟ್‌ಫಿಕ್ಸ್ ಮೇಲ್ ತಗೊಂಡು ತಲುಪ್ಸತ್ತೆ, ಡವ್‌ಕಾಟ್ ಅವರವರ ಮೇಲ್ ಡಬ್ಬಿ ತೆರೆದು ತೋರ್ಸತ್ತೆ. ರೂಟರಲ್ಲಿ ಈ ಕಂಪ್ಯೂಟರಿಗೆ 192.168.1.10 ಥರ ಒಂದು ಐಪಿ, ಅಂದ್ರೆ ನೆಟ್‌ವರ್ಕ್ ಒಳಗಿನ ವಿಳಾಸ, ಕಾಯಂ ಮಾಡ್ಬಿಡಿ. ಯುಪಿಎಸ್ ಸರ್ವರಿಗೆ ಮಾತ್ರ ಅಲ್ಲ, ರೂಟರಿಗೂ, ಲ್ಯಾನ್ ಕೇಬಲ್ಲುಗಳನ್ನ ಸೇರ್ಸೋ ನೆಟ್‌ವರ್ಕ್ ಸ್ವಿಚ್ಚಿಗೂ ಬೇಕು, ಅಲ್ಲೇ ಸುಮಾರು ಜನ ಎಡವೋದು. ಗೋಡೌನ್ 100 ಮೀಟರ್ ದಾಟಿದ್ರೆ ಮಾಮೂಲಿ ಲ್ಯಾನ್ ಕೇಬಲ್ ಸಾಲಲ್ಲ, ಫೈಬರ್ ಎಳೀರಿ, ಅದು ಗಾಜಿನ ಎಳೆ ಆಗಿರೋದ್ರಿಂದ ನಮ್ಮೂರಿನ ಸಿಡಿಲಿಗೂ ಅದೇ ವಾಸಿ.

ಇನ್ನು ಹೆಸರು, ಅಂದ್ರೆ ಮೇಲ್ ವಿಳಾಸದಲ್ಲಿ @ ಆದ್ಮೇಲೆ ಬರೋದು. ಕೊನೇಲಿ ಡಾಟ್ ಲೋಕಲ್ ಅಂತ ಇಡ್ಬೇಡಿ, ಫೋನು, ಪ್ರಿಂಟರ್ರು ಒಂದನ್ನೊಂದು ಹುಡುಕಕ್ಕೆ ಅದನ್ನೇ ಬಳಸ್ತವೆ, ಗೊಂದಲ ಆಗತ್ತೆ. 2024ರಲ್ಲಿ, ಇಂಟರ್ನೆಟ್ಟಿನ ಹೆಸರುಗಳನ್ನ ನೋಡ್ಕೊಳ್ಳೋ ಐಕ್ಯಾನ್ ಸಂಸ್ಥೆಯವ್ರು ಡಾಟ್ ಇಂಟರ್ನಲ್ ಅನ್ನೋದನ್ನ ಇಂಥಾ ಖಾಸಗಿ ನೆಟ್‌ವರ್ಕಿಗೇ ಅಂತ ಬಿಟ್ಕೊಟ್ಟಿದ್ದಾರೆ, ಹಾಗಾಗಿ ತೋಟ ಡಾಟ್ ಇಂಟರ್ನಲ್ ಅಂತ ಧೈರ್ಯವಾಗಿ ಇಡಿ. ಈ ಹೆಸರು ಯಾವ ಐಪಿಗೆ ಸೇರಿದ್ದು ಅಂತ, ಕೇಳಿದ ಕಂಪ್ಯೂಟರಿಗೆಲ್ಲ ಅದನ್ನ ಹೇಳೋ ಸಾಫ್ಟ್‌ವೇರ್ ಡಿಎನ್‌ಎಸ್ಮಾಸ್ಕಲ್ಲಿ ಬರೀರಿ, ಇಲ್ಲಾಂದ್ರೆ ಪ್ರತಿ ಕಂಪ್ಯೂಟರಿನ ಹೋಸ್ಟ್ಸ್ ಅನ್ನೋ ಹೆಸರು-ಐಪಿ ಪಟ್ಟಿ ಫೈಲಲ್ಲಿ. ಪೋಸ್ಟ್‌ಫಿಕ್ಸಿನ ಮೈಡೆಸ್ಟಿನೇಶನ್, ಅಂದ್ರೆ ಯಾವ ಹೆಸರಿನ ಮೇಲ್ ನಮ್ದು ಅಂತ ಹೇಳೋ ಸೆಟ್ಟಿಂಗ್ ಸಾಲಲ್ಲೂ ಅದೇ ಹೆಸರು ಇರ್ಲೇಬೇಕು, ಬಿಟ್ರೆ ಅದು ನಮ್ಮ ಮೇಲನ್ನೇ ಹೊರಗಿನವ್ರದು ಅಂದ್ಕೊಂಡು ಹುಡ್ಕಿ ಹುಡ್ಕಿ ವಾಪಸ್ ಕಳ್ಸತ್ತೆ. ಮೈನೆಟ್‌ವರ್ಕ್ಸಲ್ಲಿ ಅಂದ್ರೆ ಯಾರ ಮೇಲನ್ನ ಮುಂದೆ ಕಳ್ಸಬೋದು ಅನ್ನೋ ಸಾಲಲ್ಲಿ, ನಮ್ಮ ಒಳಗಿನ ಐಪಿಗಳು ಮಾತ್ರ ಇರ್ಲಿ. ರೂಟರಲ್ಲಿ ಮೇಲ್ ಒಳಗೆ ಬರೋ ಬಾಗಿಲಾದ 25ನೇ ಪೋರ್ಟನ್ನ ಹೊರಗಿಂದ ಯಾವ ಕಾರಣಕ್ಕೂ ತೆರೀಬೇಡಿ, ಸ್ಪ್ಯಾಮ್ ಕಳ್ಸೋರು ಕಾದಿರ್ತಾರೆ.

ಆಮೇಲೆ ಮೇಲ್ ಓದಿ ಬರೆಯೋ ಸಾಫ್ಟ್‌ವೇರ್ ಥಂಡರ್‌ಬರ್ಡಲ್ಲಿ ಅಕೌಂಟ್ ಹಾಕಿ, ಮೇಲ್ ಬರಕ್ಕೆ ಐಮ್ಯಾಪ್ ಅನ್ನೋ ವಿಧಾನ, ಪೋರ್ಟ್ 143, ಹೋಗಕ್ಕೆ ಪೋರ್ಟ್ 587, ಎರಡಕ್ಕೂ ದಾರೀಲಿ ಯಾರೂ ಓದ್ದೇ ಇರೋ ಹಾಗೆ ಮಾಡೋ ಸ್ಟಾರ್ಟ್‌ಟಿಎಲ್‌ಎಸ್. ಸರ್ವರಿನ ಗುರುತಿನ ಚೀಟಿ ಥರದ ಸರ್ಟಿಫಿಕೇಟ್ ನಾವೇ ಮಾಡ್ಕೊಂಡಿದ್ದು ಅಂತ ಮೊದಲ ಸಲ ಎಚ್ಚರಿಕೆ ಕೊಡತ್ತೆ, ನಮ್ಮದೇ ಅಂತ ನೋಡ್ಕೊಂಡು ಒಪ್ಪಿ. ಹೊರಗಿನ ವ್ಯಾಪಾರದ ಮೇಲಿಗೆ ಈಗಿರೋ ಅಕೌಂಟೇ ಇರ್ಲಿ, ಥಂಡರ್‌ಬರ್ಡಲ್ಲಿ ಎರಡೂ ಪಕ್ಕಪಕ್ಕ ಇರ್ತವೆ, ಕಳ್ಸೋವಾಗ ಫ್ರಮ್ ಅನ್ನೋ ಜಾಗ ಒಂದ್ಸಲ ನೋಡ್ಕೊಳಿ.