ಇಲಿ ಎಷ್ಟು ಸಲ ಕೈ ಚಾಚಿತು?

ಕೇಳುಗರೇ, ನಮಸ್ಕಾರ.

ಒಂದು ಪೆಟ್ಟಿಗೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಳಗಿರುವುದು ಹೊರಗೆ ಕಾಣುವ ಪ್ಲಾಸ್ಟಿಕ್ ಪೆಟ್ಟಿಗೆ. ಮುಂದಿನ ಗೋಡೆಯಲ್ಲಿ ಬೆರಳಗಲದ ಒಂದು ಸೀಳು. ಸೀಳಿನ ಆಚೆ ಸಣ್ಣ ಹಲಗೆ, ಅದರ ಮೇಲೆ ಸಕ್ಕರೆಯ ಒಂದೇ ಒಂದು ಗುಳಿಗೆ. ತೂಕ 45 ಮಿಲಿಗ್ರಾಂ. ಪೆಟ್ಟಿಗೆಯೊಳಗೆ ಹಸಿದ ಇಲಿ. ಅದು ಮೊದಲು ಮೂಗು ತೂರಿಸಿ ಮೂಸುತ್ತದೆ. ಆಮೇಲೆ ಒಂದು ಮುಂಗಾಲನ್ನು ಎತ್ತಿ ಸೀಳಿನಿಂದಾಚೆ ಚಾಚುತ್ತದೆ. ಬೆರಳು ಬಿಡಿಸುತ್ತದೆ, ಗುಳಿಗೆಯ ಮೇಲಿಡುತ್ತದೆ, ಮುಷ್ಟಿ ಕಟ್ಟುತ್ತದೆ. ಕೈಯನ್ನು ಹಿಂದಕ್ಕೆಳೆದುಕೊಳ್ಳುವಾಗ ಅಂಗೈಯನ್ನು ಬಾಯಿಯ ಕಡೆ ತಿರುಗಿಸುತ್ತದೆ. ಥೇಟ್ ನಾವು ಕಡಲೆಬೀಜ ಬಾಯಿಗೆ ಹಾಕಿಕೊಂಡ ಹಾಗೆ.

ಈ ಇಲಿಗೆ ಈಗ ಲಕ್ವ ಹೊಡೆದಿದೆ. ಮೆದುಳಿನ ಬಲಭಾಗದಲ್ಲಿ ರಕ್ತ ಸೋರಿದೆ, ಎಡ ಮುಂಗಾಲು ಸ್ವಾಧೀನ ತಪ್ಪಿದೆ. ಅದು ಮತ್ತೆ ಗುಳಿಗೆ ಹಿಡಿಯುವಂತೆ ಮಾಡುವುದು ಹೇಗೆ? ಅಭ್ಯಾಸ ಯಾವಾಗ ಶುರು ಮಾಡಬೇಕು? ದಿನಕ್ಕೆ ಎಷ್ಟು ಸಲ ಮಾಡಿಸಬೇಕು? ಇವತ್ತಿನ ಮಾತು ಇದರ ಬಗ್ಗೆ.

ಲಕ್ವದಲ್ಲಿ ಎರಡು ಬಗೆ. ರಕ್ತನಾಳ ಕಟ್ಟಿಕೊಂಡು ಆಗುವುದು ಒಂದು, ಒಡೆದು ಆಗುವುದು ಇನ್ನೊಂದು. ಒಡೆದದ್ದಕ್ಕೆ ಜನ ಬ್ರೈನ್ ಹೆಮರೇಜ್ ಅನ್ನುತ್ತಾರೆ. ಮೊದಲ ಬಗೆಯೇ ಜಾಸ್ತಿ, ಹಾಗಾಗಿ ಸಂಶೋಧನೆಯೂ ಅದರ ಮೇಲೇ ಜಾಸ್ತಿ ನಡೆದಿದೆ. ಆದರೆ ಎರಡನೆಯದರ ಜಾತಿಯೇ ಬೇರೆ. ಸೋರಿದ ರಕ್ತ ಮೊದಲು ಸುತ್ತಲಿನ ಮೆದುಳನ್ನು ಒತ್ತಿ ಹಾಳು ಮಾಡುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹೆಪ್ಪುಗಟ್ಟಿದ ರಕ್ತದಲ್ಲಿನ ಕೆಂಪು ಕಣಗಳು ದಿನ ಕಳೆದಂತೆ ಒಡೆಯುತ್ತವೆ. ಅವುಗಳೊಳಗಿನ ಹಿಮೋಗ್ಲೋಬಿನ್ ಹೊರಗೆ ಬರುತ್ತದೆ, ಅದರಿಂದ ಕಬ್ಬಿಣ ಬಿಡುಗಡೆಯಾಗುತ್ತದೆ. ರಕ್ತದಲ್ಲಿದ್ದಾಗ ಬೇಕೇ ಬೇಕಾದ ಕಬ್ಬಿಣ, ಮೆದುಳಿನ ಜೀವಕೋಶಕ್ಕೆ ನೇರವಾಗಿ ತಾಗಿದರೆ ವಿಷ. ಹೀಗೆ ಮೊದಲ ಏಟು ಬಿದ್ದು ವಾರ ಕಳೆದರೂ ಹಾನಿ ಮೆಲ್ಲಗೆ ಮುಂದುವರಿದಿರುತ್ತದೆ.

ಇಲಿಯಲ್ಲಿ ಇದನ್ನು ಉಂಟುಮಾಡಲು ಮುಖ್ಯವಾಗಿ ಎರಡು ದಾರಿ ಇವೆ. ಅರಿವಳಿಕೆ ಕೊಟ್ಟು, ಚಲನೆಗೆ ಸಂಬಂಧಪಟ್ಟ ಸ್ಟ್ರೈಯೇಟಂ ಎಂಬ ಆಳದ ಭಾಗಕ್ಕೆ ಆ ಇಲಿಯದೇ ರಕ್ತವನ್ನು ಸೂಜಿಯಿಂದ ಬಿಡುತ್ತಾರೆ. ಇಲ್ಲವೇ ಕೊಲಾಜಿನೇಸ್ ಎಂಬ ಕಿಣ್ವ ಬಿಡುತ್ತಾರೆ. ಅದು ರಕ್ತನಾಳದ ಗೋಡೆಯನ್ನು ಕರಗಿಸುತ್ತದೆ, ನಾಳ ತಾನಾಗಿ ಸೋರುತ್ತದೆ. ಕೇಳಲು ಕಷ್ಟವಾಗುತ್ತದೆ, ನನಗೂ ಆಗುತ್ತದೆ. ಈ ಇಲಿಗಳಿಂದ ಕಲಿತದ್ದನ್ನು ಹೇಳುವಾಗ ಇದನ್ನು ಮುಚ್ಚಿಡಬಾರದು, ಅದಕ್ಕೇ ಹೇಳಿದೆ.

ಸರಿ, ಇನ್ನು ಅಭ್ಯಾಸದ ವಿಷಯ. ಯಾರಿಗಾದರೂ ಮೊದಲು ಹೊಳೆಯುವುದು ಏನು? ಓಡಿಸೋಣ, ಮೈ ಬೆವರಿಸೋಣ, ಸರಿಹೋಗುತ್ತದೆ ಅಂತ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಕೋಲ್ಬರ್ನ್ ಅವರ ತಂಡ ಇದನ್ನೂ ಮಾಡಿ ನೋಡಿತು. ರಕ್ತಸ್ರಾವವಾದ ಇಲಿಗಳನ್ನು ಬಲವಂತವಾಗಿ ಓಡಿಸಿದರು. 2006ರಲ್ಲಿ ಬಂದ ಫಲಿತಾಂಶ: ಪ್ರಯೋಜನ ಏನೂ ಇಲ್ಲ. ಅದೇ ತಂಡ 2003ರಲ್ಲೇ ಇನ್ನೊಂದು ಬಗೆ ಪ್ರಯತ್ನಿಸಿತ್ತು. ಲಕ್ವವಾಗಿ ಒಂದು ವಾರದ ಮೇಲೆ, ಚೆನ್ನಾಗಿರುವ ಕೈಯನ್ನು ದಿನಕ್ಕೆ ಕೆಲವು ಗಂಟೆ ಕಟ್ಟಿಹಾಕಿದರು. ಜೊತೆಗೆ ಸೋತ ಕೈಗೆ ಹಿಡಿಯುವ, ಹತ್ತುವ ಕೆಲಸ ಕೊಟ್ಟರು. ಈ ಇಲಿಗಳ ಕೈ ಸುಧಾರಿಸಿತು. ಅದು ಒಂದು ಮಟ್ಟಿಗೆ ನಿರೀಕ್ಷಿಸಿದ್ದೇ. ಅಚ್ಚರಿ ಆಮೇಲೆ ಬಂತು. ಮೆದುಳನ್ನು ತೆಗೆದು ಅಳೆದರೆ, ಅಭ್ಯಾಸ ಮಾಡಿದ ಇಲಿಗಳಲ್ಲಿ ನಾಶವಾದ ಭಾಗವೇ ಕಡಿಮೆ ಇತ್ತು!

ಹಿಂದೆ ನಾನೂ ಹೀಗೇ ತಿಳಿದಿದ್ದೆ: ಸತ್ತ ಭಾಗ ಸತ್ತಿತು, ವ್ಯಾಯಾಮ ಏನಿದ್ದರೂ ಉಳಿದ ಭಾಗಕ್ಕೆ ಹೊಸ ಕೆಲಸ ಕಲಿಸಲು. ಈ ಇಲಿಗಳನ್ನು ನೋಡಿದರೆ ಅಷ್ಟೇ ಅಲ್ಲ ಅನ್ನಿಸುತ್ತದೆ. 2017ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಬಂದ ಇನ್ನೊಂದು ಅಧ್ಯಯನ ಒಂದು ಸುಳಿವು ಕೊಟ್ಟಿತು. ಅಭ್ಯಾಸ ಮಾಡಿಸಿದ ಇಲಿಗಳ ತಲೆಯಲ್ಲಿ ಹೆಪ್ಪುಗಟ್ಟಿದ ರಕ್ತ ಬೇಗ ಖಾಲಿಯಾಗುತ್ತಿತ್ತು. ಆಗಲೇ ಹೇಳಿದೆನಲ್ಲ, ನಿಧಾನ ವಿಷ ಅಂತ? ಅದು ಜಾಗ ಖಾಲಿ ಮಾಡುವುದಕ್ಕೂ ಕೈಯ ಕೆಲಸಕ್ಕೂ ನಂಟಿದೆ. ಕಸ ಇನ್ನೂ ಬಿದ್ದಿರುವಾಗಲೇ ಕೆಲಸ ಶುರುವಾದರೆ, ಗುಡಿಸುವುದೂ ಚುರುಕಾಗುತ್ತದೆ.

ಹಾಗಾದರೆ ಮೊದಲ ದಿನವೇ ಎಬ್ಬಿಸಿಬಿಡೋಣ, ಅಲ್ವಾ? ತಡೆಯಿರಿ. 1996ರಲ್ಲಿ ಒಂದು ಪ್ರಯೋಗ ನಡೆಯಿತು. ಅದು ರಕ್ತಸ್ರಾವದ್ದಲ್ಲ, ಮೆದುಳಿನ ಹೊರಪದರಕ್ಕೆ ಬೇರೆ ರೀತಿ ಗಾಯ ಮಾಡಿದ್ದು. ಗಾಯವಾದ ಕೂಡಲೇ ಒಳ್ಳೆಯ ಮುಂಗಾಲಿಗೆ ಪ್ಲಾಸ್ಟರ್ ಹಾಕಿ, 15 ದಿನ ಸೋತ ಕಾಲನ್ನೇ ಬಳಸುವಂತೆ ಮಾಡಿದರು. ಗಾಯ ಇನ್ನಷ್ಟು ದೊಡ್ಡದಾಯಿತು. ತಡ ಮಾಡಿದರೂ ತೊಂದರೆ. ರಕ್ತನಾಳ ಕಟ್ಟಿಕೊಂಡ ಇಲಿಗಳ ಮೇಲೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿ 5ನೇ ದಿನ ಅಭ್ಯಾಸ ಶುರು ಮಾಡಿದ ಇಲಿಗಳು ಚೆನ್ನಾಗಿ ಚೇತರಿಸಿಕೊಂಡವು. 14ನೇ ದಿನ ಶುರು ಮಾಡಿದವು ಅಷ್ಟಕ್ಕಷ್ಟೆ. 30 ದಿನ ಕಾಯಿಸಿದವುಗಳಿಗೂ ಏನೂ ಮಾಡಿಸದ ಇಲಿಗಳಿಗೂ ವ್ಯತ್ಯಾಸವೇ ಕಾಣಲಿಲ್ಲ.

ಮನುಷ್ಯರಲ್ಲೂ ಆತುರ ಒಳ್ಳೆಯದಾಗಲಿಲ್ಲ. ಅವರ್ಟ್ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. 5 ದೇಶಗಳ 2104 ರೋಗಿಗಳು, ಎರಡೂ ಬಗೆಯ ಲಕ್ವದವರು. 24 ಗಂಟೆಯೊಳಗೆ ಎಬ್ಬಿಸಿ ಜಾಸ್ತಿ ಓಡಾಡಿಸಿದ ಗುಂಪಿನಲ್ಲಿ ಮೂರು ತಿಂಗಳ ನಂತರ ಚೆನ್ನಾಗಿದ್ದವರು ನೂರಕ್ಕೆ 46. ಮಾಮೂಲಿ ಆರೈಕೆ ಪಡೆದವರಲ್ಲಿ 50. ಹಾಗಂತ ತಿಂಗಳುಗಟ್ಟಲೆ ಮಲಗಿಸಿಡಿ ಅಂತ ಅರ್ಥವಲ್ಲ. ಮೊದಲ ದಿನದ ಆತುರ ಬೇರೆ, ಮೊದಲ ಕೆಲವು ವಾರಗಳನ್ನು ಸುಮ್ನೆ ಕಳೆದುಕೊಳ್ಳುವುದು ಬೇರೆ. ನಿಮ್ಮ ಮನೆಯವರಿಗೆ ಯಾವಾಗ ಅನ್ನುವುದನ್ನು ನೋಡಿಕೊಳ್ಳುತ್ತಿರುವ ಡಾಕ್ಟರೇ ಹೇಳಬೇಕು, ರೇಡಿಯೋ ಅಲ್ಲ.

ಈಗ ನನ್ನನ್ನು ಎಲ್ಲಕ್ಕಿಂತ ಕಾಡುವ ವಿಷಯಕ್ಕೆ ಬರುತ್ತೇನೆ. ಲೆಕ್ಕ. ಇಂಥ ಪ್ರಯೋಗಗಳಲ್ಲಿ ಇಲಿ ಒಂದು ದಿನಕ್ಕೆ ನೂರಾರು ಸಲ ಕೈ ಚಾಚುತ್ತದೆ. ಮನುಷ್ಯರು? 2009ರಲ್ಲಿ ಅಮೆರಿಕ, ಕೆನಡಾದ ಕೆಲವು ಕೇಂದ್ರಗಳಲ್ಲಿ ಕುಳಿತು ಎಣಿಸಿದರು. ಲಕ್ವದ ರೋಗಿ ಒಂದು ಬಾರಿಯ ಚಿಕಿತ್ಸೆಯಲ್ಲಿ ಸೋತ ಕೈಯಿಂದ ಏನಾದರೂ ಹಿಡಿಯುವ, ಎತ್ತುವಂಥ ಕೆಲಸ ಮಾಡಿದ್ದು ಸರಾಸರಿ 32 ಸಲ. ಅದೂ ಸುಮಾರು ಅರ್ಧದಷ್ಟು ಸಲದ ಭೇಟಿಯಲ್ಲಿ ಮಾತ್ರ. ಉಳಿದ ಭೇಟಿಗಳಲ್ಲಿ ಅದೂ ಇಲ್ಲ.

ಇಲಿಯ ಪಾಡು ಬೇರೆ, ನಿಜ. ಅದಕ್ಕೆ ಊಟ ಸ್ವಲ್ಪ ಕಡಿಮೆ ಹಾಕಿರುತ್ತಾರೆ, ಪ್ರತಿ ಸಲಕ್ಕೂ ಸಕ್ಕರೆ ಸಿಗುತ್ತದೆ. ನೋಡಲು ಬರುವ ನೆಂಟರಿಲ್ಲ, ಬೇಜಾರು ತೋಡಿಕೊಳ್ಳಲು ಯಾರೂ ಇಲ್ಲ. ಸಾಮಾನ್ಯವಾಗಿ ಅದು ಎಳೆಯ, ಗಟ್ಟಿಮುಟ್ಟಾದ ಇಲಿ. ನಮ್ಮ ರೋಗಿಗೆ ವಯಸ್ಸಾಗಿರುತ್ತದೆ, ಬಿಪಿ ಇರುತ್ತದೆ, ಸಕ್ಕರೆ ಕಾಯಿಲೆಯೂ ಇರಬಹುದು. ಇಲಿಯ ಮೆದುಳು ಸುಮಾರು ಎರಡು ಗ್ರಾಂ, ಮೇಲ್ಮೈ ನುಣುಪು, ನರದ ಎಳೆಗಳ ದಾರಿ ಚಿಕ್ಕದು. ಸಾಲದ್ದಕ್ಕೆ ಇಲಿ ತಾನಾಗಿಯೂ ಬೇಗ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಅದರ ಫಲಿತಾಂಶವನ್ನು ಎತ್ತಿ ಮನುಷ್ಯನ ಮೇಲೆ ಇಡಲು ಬರುವುದಿಲ್ಲ. ಆದರೂ 32 ಎಲ್ಲಿ, ನೂರಾರು ಎಲ್ಲಿ! ಇಲಿಗೆ ಹತ್ತು ಮಾತ್ರೆ ಕೊಟ್ಟು ಗುಣವಾಯಿತು ಅಂತ ತಿಳಿದ ಮೇಲೆ, ರೋಗಿಗೆ ಒಂದು ಮಾತ್ರೆ ಕೊಟ್ಟು ಔಷಧ ನಾಟಲಿಲ್ಲ ಅಂದರೆ ಒಪ್ಪುತ್ತೀರಾ?

ಒಂದು ಮಾತು ಉಳಿದಿದೆ. ಪೆಟ್ಟಿಗೆಯ ಆಚೆ ಗುಳಿಗೆಯನ್ನು ಸೀಳಿಗೆ ತೀರಾ ಹತ್ತಿರ ಇಡುವುದಿಲ್ಲ. ಇಟ್ಟರೆ ಇಲಿ ಕೈ ಬಿಟ್ಟು ನಾಲಿಗೆ ಚಾಚುತ್ತದೆ. ಅಷ್ಟು ಜಾಣ ಪ್ರಾಣಿ. ಲಕ್ವದ ನಂತರ ಅದರ ಜಾಣತನ ಇನ್ನೂ ನವಿರಾಗುತ್ತದೆ. ಕೆಲವು ವಾರಗಳಲ್ಲಿ ಅದು ಮತ್ತೆ ಗುಳಿಗೆ ತಿನ್ನತೊಡಗುತ್ತದೆ, ಎಣಿಸುವವರು ಗೆದ್ದಿತು ಅಂತ ಬರೆದುಕೊಳ್ಳುತ್ತಾರೆ. ವಿಡಿಯೋವನ್ನು ನಿಧಾನವಾಗಿ ಓಡಿಸಿದರೆ ಬೇರೆಯದೇ ಕಾಣುತ್ತದೆ. ಮಣಿಕಟ್ಟು ತಿರುಗುತ್ತಿಲ್ಲ. ಬೆರಳು ಪೂರ್ತಿ ಬಿಚ್ಚುತ್ತಿಲ್ಲ. ಇಲಿ ಇಡೀ ಮೈಯನ್ನೇ ವಾಲಿಸಿ, ಕೈಯನ್ನು ಸಲಿಕೆಯ ಹಾಗೆ ಗುಳಿಗೆಯ ಮೇಲೆ ಹಾಕಿ ಎಳೆದುಕೊಳ್ಳುತ್ತದೆ, ಆಮೇಲೆ ತಲೆಯನ್ನೇ ಕೈಯ ಹತ್ತಿರ ತರುತ್ತದೆ.

ಲಕ್ವವಾದವರು ಲೋಟ ಎತ್ತುವುದನ್ನು ಪಕ್ಕದಿಂದ ನೋಡಿ. ಮೊಣಕೈ ಚಾಚಿಕೊಳ್ಳುವ ಬದಲು ಬೆನ್ನು ಮುಂದೆ ಬಾಗುತ್ತದೆ, ಭುಜ ಕಿವಿಯ ಹತ್ತಿರ ಏರುತ್ತದೆ. ಲೋಟ ಬಾಯಿಗೆ ಬರುತ್ತದೆ, ನೀರು ಗಂಟಲಿಗಿಳಿಯುತ್ತದೆ. ಅದನ್ನು ಗುಣವಾಗಿದೆ ಅಂತ ಬರೆದುಕೊಳ್ಳಬೇಕೋ, ಅಥವಾ ಆ ಮಣಿಕಟ್ಟಿಗಾಗಿ ಇನ್ನೂ ನೂರು ಸಲ ಮಾಡಿಸಬೇಕೋ, ಇದರ ಬಗ್ಗೆ ಚಿಕಿತ್ಸೆ ಕೊಡುವವರಲ್ಲೇ ಇನ್ನೂ ಒಮ್ಮತವಿಲ್ಲ. ನಾನಂತೂ ಇನ್ನೂ ನೂರು ಸಲದ ಪಕ್ಷ.

ನಮಸ್ಕಾರ.