ಫರಿಸಾಯನ ಪ್ರಾರ್ಥನೆಯಲ್ಲಿ ಸುಳ್ಳಿರಲಿಲ್ಲ

ಪ್ರಿಯ ಕೇಳುಗರೇ, ಮನುಷ್ಯರೆಲ್ಲರೂ ಪಾಪಿಗಳೆಂಬ ಕ್ರೈಸ್ತ ಬೋಧನೆ ಹಲವರ ಕಿವಿಗೆ ಬೈಗುಳದಂತೆ ಕೇಳಿಸುತ್ತದೆ. ವಿಶ್ವಾಸಿಗಳಾದ ನಾವು ಅದನ್ನು ಹೊರಗಿನವರತ್ತ ಬೆರಳು ತೋರಿಸಿ ಹೇಳುವುದೇ ಇದಕ್ಕೆ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ. ರೋಮಾಪುರದ ವಿಶ್ವಾಸಿಗಳಿಗೆ ಪತ್ರ ಬರೆದ ಅಪೊಸ್ತಲನಾದ ಪೌಲನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಆ ಪತ್ರದ 1ನೆಯ ಅಧ್ಯಾಯದಲ್ಲಿ ಯೆಹೂದ್ಯರಲ್ಲದ ಅನ್ಯಜನರ ದುರ್ನಡತೆಯನ್ನು ಒಂದೊಂದಾಗಿ ಎಣಿಸಿ, ಓದುವವನು ತಲೆದೂಗುತ್ತಿರುವಾಗಲೇ 2ನೆಯ ಅಧ್ಯಾಯದ ಮೊದಲ ವಚನದಲ್ಲಿ ಅವನತ್ತಲೇ ತಿರುಗಿ, ಇತರರಿಗೆ ತೀರ್ಪು ಹೇಳುವ ನೀನೂ ಅದನ್ನೇ ಮಾಡುತ್ತಿರುವುದರಿಂದ ನಿನಗೂ ನೆವವಿಲ್ಲ ಎನ್ನುತ್ತಾನೆ. ಎಲ್ಲರೂ ಪಾಪಮಾಡಿದ್ದಾರೆಂಬ 3ನೆಯ ಅಧ್ಯಾಯದ ಮಾತು ಈ ತಿರುವಿನ ನಂತರ ಬರುತ್ತದೆ. ಅದರ ಬೆನ್ನಿಗೇ ದೇವರ ಕೃಪೆ ಉಚಿತವಾದದ್ದೆಂಬ ಮಾತೂ ಬರುತ್ತದೆ.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವನ್ನು ನಿಧಾನವಾಗಿ ಓದಬೇಕು. ದೇವಾಲಯಕ್ಕೆ ಬಂದ ಫರಿಸಾಯನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಥದವನು, ವಾರಕ್ಕೆ ಎರಡು ಸಾರಿ ಉಪವಾಸ ಮಾಡುತ್ತಾನೆ, ಸಂಪಾದಿಸಿದ್ದರಲ್ಲೆಲ್ಲ ಹತ್ತನೆಯ ಒಂದು ಪಾಲನ್ನು ಕೊಡುತ್ತಾನೆ. ಇದು ಸುಳ್ಳೆಂದು ಯೇಸು ಹೇಳುವುದಿಲ್ಲ. ಅಷ್ಟೇ ಏಕೆ, ತನ್ನ ಒಳ್ಳೆಯತನಕ್ಕಾಗಿ ಅವನು ದೇವರಿಗೇ ಸ್ತೋತ್ರ ಸಲ್ಲಿಸುತ್ತಾನೆ. ಆದರೆ ತಾನು ಈ ಸುಂಕದವನಂತಲ್ಲ (ಸುಂಕದವನೆಂದರೆ ತೆರಿಗೆ ವಸೂಲಿ ಮಾಡುವವನು) ಎಂಬ ಹೋಲಿಕೆಯಿಲ್ಲದೆ ಆ ಸ್ತೋತ್ರ ಪೂರ್ತಿಯಾಗುವುದಿಲ್ಲ. ದೂರದಲ್ಲಿ ನಿಂತ ಸುಂಕದವನಾದರೋ ಆಕಾಶದ ಕಡೆಗೆ ಕಣ್ಣೆತ್ತಲೂ ಮನಸ್ಸಾಗದೆ, ಎದೆ ಬಡಿದುಕೊಂಡು ಕರುಣೆಯನ್ನಷ್ಟೇ ಬೇಡುತ್ತಾನೆ. ತನಗಿಂತ ಕೆಟ್ಟವರನ್ನು ತೋರಿಸುವುದು ಅವನಿಗೂ ಕಷ್ಟವಿದ್ದಿರಲಾರದು, ಆದರೂ ಅವನು ಯಾರನ್ನೂ ಹೆಸರಿಸುವುದಿಲ್ಲ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ.

ಹಾಗಾದರೆ ಸುಲಿದವನೂ ಸುಲಿಗೆಗೆ ಒಳಗಾದವನೂ ಸರಿಸಮಾನರೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಏಕೆಂದರೆ ರೋಮನ್ ಆಳ್ವಿಕೆಯ ಸುಂಕದವರು ನಿಜವಾಗಿಯೂ ಜನರನ್ನು ಹಿಂಡುತ್ತಿದ್ದರು. ಕೃಪೆಯನ್ನು ಅಗ್ಗ ಮಾಡಿದರೆ ನಡತೆ ಸಡಿಲವಾಗುತ್ತದೆಂಬ ಇಂಥದೇ ಆತಂಕ 5ನೆಯ ಶತಮಾನದಲ್ಲಿ ಕ್ರೈಸ್ತ ಬೋಧಕನಾದ ಪೆಲಾಗಿಯಸನಿಗೂ ಇತ್ತು. ಆದರೆ ಕೃಪೆಯಿಲ್ಲದೆಯೂ ಮನುಷ್ಯನು ದೇವರಾಜ್ಞೆಗಳನ್ನು ನೆರವೇರಿಸಬಲ್ಲನೆಂಬ ಅವನ ಪಕ್ಷದ ವಾದವನ್ನು ಕ್ರಿ.ಶ. 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ತಳ್ಳಿಹಾಕಿತು. ಅದು ಸರಿಯಾದ ನಿರ್ಣಯವೆಂದೇ ನನ್ನ ನಂಬಿಕೆ. ಒಳ್ಳೆಯವನಾದ ಮೇಲೆಯೇ ಕೃಪೆ ಸಿಗುವುದಾದರೆ ಬಿದ್ದವನಿಗೆ ಏಳುವ ದಾರಿಯೇ ಇಲ್ಲ.

ಪಾಪ ಎಲ್ಲರಲ್ಲೂ ಇದೆಯೆಂದ ಮಾತ್ರಕ್ಕೆ ಎಲ್ಲರ ಅನ್ಯಾಯವೂ ಒಂದೇ ತೂಕದ್ದೆಂದು ಅರ್ಥವಲ್ಲ. ಲೂಕನ ಮುಂದಿನ ಅಧ್ಯಾಯದಲ್ಲೇ ಯೆರಿಕೋವಿನ ಸುಂಕದವರ ಮುಖ್ಯಸ್ಥನಾದ ಜಕ್ಕಾಯನು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡಲು, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದನ್ನು ನಾಲ್ಕರಷ್ಟಾಗಿ ಹಿಂದಿರುಗಿಸಲು ಎದ್ದು ನಿಲ್ಲುತ್ತಾನೆ. ಅದಕ್ಕೂ ಮೊದಲೇ ಯೇಸು, ಊರವರೆಲ್ಲ ಗೊಣಗುವಂತೆ, ಅವನ ಮನೆಗೆ ಅತಿಥಿಯಾಗಿ ಹೋಗಲು ನಿಶ್ಚಯಿಸಿದ್ದನು. ಮೊದಲು ಹಣ ಹಿಂದಿರುಗಿಸು ಎಂಬ ಷರತ್ತನ್ನು ಹಾಕಿರಲಿಲ್ಲ.